ಒಂಬತ್ತನೇ ಮಹಡಿಯ ಅನ್ನ

ಸಂಬಂಧದ ಮಾತಿಗೆ ಹೋದಲ್ಲಿ ಉಪ್ಪಿಟ್ಟು ತಿನ್ನಬಹುದು, ಮಂಡಕ್ಕಿ ತಿನ್ನಬಹುದು, ಚಹಾ ಎಷ್ಟು ಲೋಟ ಬೇಕಾದರೂ ಕುಡಿಯಬಹುದು. ಅನ್ನಕ್ಕೆ ಮಾತ್ರ ಕೈ ಹಾಕಬಾರದು. ಹಾಕಿದರೆ ಒಪ್ಪಿದಂತೆ. ನ್ಯಾಮತಿಯ ಮಹೇಶ್ವರಪ್ಪನವರ ಮನೆತನದಲ್ಲಿ, ಅವರ ಕುಲದ ಹಲವು ಮನೆಗಳಲ್ಲೂ, ಇದು ಹಿಂದಿನಿಂದ ನಡೆದುಬಂದ ಪದ್ಧತಿ. ಮನೆಯ ಯಜಮಾನ ಅನ್ನ ಉಂಡರೆ ಲಗ್ನದ ಮಾತು ಮುಂದಕ್ಕೆ ಹೋಗುತ್ತದೆ. ತಿಂಡಿ ಮುಗಿಸಿ ‘ಹೊತ್ತಾತು, ಬರ್ತೀವಿ’ ಎಂದು ಎದ್ದರೆ ಅಲ್ಲಿಗೆ ಮುಗಿಯಿತು. ಯಾರ ಮುಖಕ್ಕೂ ‘ಬೇಡ’ ಅನ್ನುವ ಪ್ರಮೇಯವಿಲ್ಲ, ಯಾರಿಗೂ ಅವಮಾನವಿಲ್ಲ.

ಮಗಳು ಸಂಧ್ಯಾರಾಣಿಗೂ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳು ದಾವಣಗೆರೆಯಲ್ಲಿ ಒಂಬತ್ತನೇ ಮಹಡಿಯ ಮೇಲಿರುವ ಚೈನೀಸ್ ರೆಸ್ಟೋರೆಂಟನ್ನು ಆರಿಸಿದ್ದು.

ಸಂಧ್ಯಾರಾಣಿ ಪಶುವೈದ್ಯೆ. ಎರಡು ವರ್ಷದಿಂದ ಜಗಳೂರಿನಲ್ಲಿ ಕೆಲಸ. ಅಲ್ಲಿ ಶೇಂಗಾ ಎಣ್ಣೆಯ ಗಾಣ ನಡೆಸುವ ಮಹಾಂತೇಶನ ಮನೆಯ ಎಮ್ಮೆಗೆ ಕೆಚ್ಚಲು ಬಾವು ಬಂದಾಗ ನೋಡಲು ಹೋಗಿದ್ದಳು. ಎಮ್ಮೆ ವಾರದಲ್ಲಿ ಗುಣವಾಯಿತು, ಮಹಾಂತೇಶ ಮಾತ್ರ ಆಸ್ಪತ್ರೆಗೆ ಬರುವುದನ್ನು ಬಿಡಲಿಲ್ಲ. ಅವಳೂ ಬರಬೇಡ ಅನ್ನಲಿಲ್ಲ. ಕುಲ, ಮನೆತನ, ಹುಡುಗನ ದುಡಿಮೆ ಯಾವುದರಲ್ಲೂ ಅಪ್ಪನಿಗೆ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಊರಿನ ಬಗ್ಗೆ.

“ಜಗಳೂರಿಗಾ? ಹೊಳೆ ಸೀಮೆಯಾಗೆ ಹುಟ್ಟಿದ ಮಗಳನ್ನ ಕೊಡ ಹಿಡ್ಕಂಡು ಸಾಲು ನಿಲ್ಲೋ ಊರಿಗೆ ಕೊಡಾದಾ?” ಎಂದಿದ್ದರು ಮಹೇಶ್ವರಪ್ಪ.

“ಈಗ ನಾನು ಅಲ್ಲೇ ಇದೀನಲ್ಲ ಅಪ್ಪಾಜಿ.”

“ನೌಕರಿಗೆ ವರ್ಗ ಐತೆ. ಮದುವೆಗೆ ವರ್ಗ ಇಲ್ಲ.”

ಅಮ್ಮ ಅನ್ನಪೂರ್ಣಮ್ಮ ನಡುವೆ ಬಿದ್ದು ಹಟ ಹಿಡಿದ ಮೇಲೆ ಅವರು ಒಂದು ಮೆಟ್ಟಿಲು ಇಳಿದರು. “ಒಂದ್ಸಲ ಕುಂತು ಮಾತಾಡ್ತೀನಿ. ಆಮೇಲೂ ನನಗೆ ಸರಿ ಕಾಣ್ದಿದ್ರೆ ನೀನು ಮತ್ತೆ ಆ ಮಾತು ಎತ್ತಬಾರದು.” ಸಂಧ್ಯಾರಾಣಿ ಆಗಲಿ ಎಂದಳು. ಮಾತು ಕೊಟ್ಟು ತಪ್ಪುವ ಅಭ್ಯಾಸ ಅವಳಿಗಿರಲಿಲ್ಲ. ಮಾತುಕತೆಗೆ ಒಂದು ಭಾನುವಾರದ ಸಂಜೆ ಗೊತ್ತಾಯಿತು.

ನ್ಯಾಮತಿಯಲ್ಲಿ ಸೇರಿದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ, ಜಗಳೂರಿನಲ್ಲಾದರೆ ಊರಿಗೇ ಗೊತ್ತಾಗುತ್ತದೆ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿಗೆ ಕಾಲಿಟ್ಟರೆ ಯಾರಾದರೊಬ್ಬ ನೆಂಟ ಎದುರಾಗುವುದು ಖಚಿತ. ಚೈನೀಸ್ ಊಟಕ್ಕೆಂದು ಒಂಬತ್ತನೇ ಮಹಡಿ ಹತ್ತುವವರು ನೆಂಟರಲ್ಲಿ ಯಾರೂ ಇಲ್ಲ. ಮನೆಯಲ್ಲಿ ಅವಳು ಹೇಳಿದ ಕಾರಣ ಇದು. ಹೇಳದ ಕಾರಣ ಇನ್ನೊಂದಿತ್ತು. ಫ್ರೈಡ್ ರೈಸನ್ನು ಅಪ್ಪಾಜಿ ಅನ್ನವೆಂದು ಎಣಿಸಲಾರರು, ಗೋಬಿ ಮಂಚೂರಿಯ ಅಣ್ಣತಮ್ಮ ಎಂದುಕೊಂಡು ತಿಂದುಬಿಡುತ್ತಾರೆ. ತಿಂದು ಕೈ ತೊಳೆದ ಮೇಲೆ ಅಮ್ಮ ಮೆಲ್ಲಗೆ ಪದ್ಧತಿ ನೆನಪಿಸುತ್ತಾಳೆ. ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ಹೂಡಿದ ಹುನ್ನಾರ ಇಷ್ಟೇ.

ಲಿಫ್ಟ್ ಬಾಗಿಲು ತೆರೆದಾಗ ಎದುರಿಗೆ ‘ಶುದ್ಧ ಸಸ್ಯಾಹಾರಿ’ ಎಂಬ ಹಿತ್ತಾಳೆಯ ಫಲಕ ಕಂಡು ಮಹೇಶ್ವರಪ್ಪ ಸಮಾಧಾನದ ಉಸಿರು ಬಿಟ್ಟರು. ಜಗಳೂರಿನವರು ಆಗಲೇ ಬಂದಿದ್ದರು. ಮಹಾಂತೇಶ ಇಸ್ತ್ರಿ ಮುರಿಯದ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿ ಅವನ ತಂದೆ ಮುರುಗೇಶಪ್ಪ, ಬಿಳಿ ಪಂಚೆ, ದಪ್ಪ ಮೀಸೆ. ತಾಯಿ ಅಂಬಿಕಮ್ಮ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೆಳಗೆ ನೋಡುತ್ತಿದ್ದರು. ಕಿಟಕಿಯೆಂದರೆ ಒಂದು ಗೋಡೆಯೇ ಗಾಜು. ಹೊತ್ತು ಮುಳುಗುವ ಸಮಯ. ಊರು ಪೂರ್ತಿ ಕಾಲಡಿಗೆ ಬಿದ್ದಿತ್ತು: ರೈಲು ಹಳಿ, ಹಳೇ ಹತ್ತಿ ಗಿರಣಿಯ ಚಿಮಣಿ, ಹೈವೇ ಮೇಲೆ ಒಂದರ ಹಿಂದೊಂದು ದೀಪ ಹಚ್ಚಿಕೊಂಡ ಲಾರಿಗಳು, ದೂರದಲ್ಲಿ ಕುಂದುವಾಡ ಕೆರೆಯ ಹೊಳಪು.

“ಬಸ್‌ಸ್ಟ್ಯಾಂಡ್ ಯಾವ ಕಡೆಗ್ರೀ?” ಎಂದು ಅನ್ನಪೂರ್ಣಮ್ಮ ಹೋಗಿ ಪಕ್ಕದಲ್ಲಿ ನಿಂತರು.

“ಅದನ್ನೇ ಹುಡುಕ್ತಾ ಇದೀನಿ ನೋಡ್ರಿ ಅಕ್ಕಾರೆ. ಇಷ್ಟು ಮೇಲಿಂದ ನೋಡಿದ್ರೆ ಎಲ್ಲಾ ಬಸ್ಸೂ ಬೆಂಕಿಪೊಟ್ಟಣ ಇದ್ದಂಗೆ ಐತೆ.”

ಬಸ್‌ಸ್ಟ್ಯಾಂಡ್ ಸಿಗುವಷ್ಟರಲ್ಲಿ ಹೆಂಗಸರಿಬ್ಬರೂ ಗೆಳತಿಯರಾಗಿದ್ದರು. ಗಂಡಸರು ಇನ್ನೂ ನಮಸ್ಕಾರದಲ್ಲೇ ಇದ್ದರು.

“ಮೇಲಿಂದ ನೋಡಿದ್ರೆ ಊರಂದ್ರೆ ಬರೀ ನೀರಿನ ಟ್ಯಾಂಕು,” ಎಂದರು ಮಹೇಶ್ವರಪ್ಪ. ತಾರಸಿಗೊಂದರಂತೆ ಕರಿ ಟ್ಯಾಂಕುಗಳು ಸಾಲಾಗಿ ಕೂತಿದ್ದವು.

“ನಮ್ಮೂರಾಗೂ ಟ್ಯಾಂಕು ಇದಾವ್ರೀ,” ಎಂದರು ಮುರುಗೇಶಪ್ಪ ನಿರ್ವಿಕಾರವಾಗಿ. “ತುಂಬಿಸಾದೇ ಕಷ್ಟ ಇತ್ತು. ಈಗ ಕೆರೆಗೆ ಹೊಳೆ ನೀರು ಬಂದೈತೆ, ನೋಡಾಣ.”

ಮಹಾಂತೇಶ ಕಣ್ಣು ಮುಚ್ಚಿಕೊಂಡ. ನೀರಿನ ಸುದ್ದಿ ಎತ್ತಬೇಡಿ ಎಂದು ಅಪ್ಪನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ.

ಮೇಜು ದುಂಡಗಿತ್ತು. ನಡುವೆ ತಿರುಗುವ ದಪ್ಪ ಗಾಜಿನ ತಟ್ಟೆ. ಬಡಿಸುವವರು ಬೇಕಿಲ್ಲ, ಬೇಕಾದ್ದನ್ನು ತಿರುಗಿಸಿ ಎದುರಿಗೆ ತಂದುಕೊಳ್ಳುವುದು. ಮಹೇಶ್ವರಪ್ಪ ಒಂದು ಬೆರಳಿನಿಂದ ಅದನ್ನು ತಳ್ಳಿ ನೋಡಿದರು. “ಬೀಸೋಕಲ್ಲು ಇದ್ದಂಗೈತೆ.” ಮುರುಗೇಶಪ್ಪ ತಮ್ಮ ಮುಂದಿದ್ದ ಎರಡು ಕಡ್ಡಿಗಳನ್ನು ಎತ್ತಿ, “ಊಟ ಆದ್ಮೇಲೆ ಕೋಲಾಟನೂ ಐತೇನೋ?” ಎಂದು ಮಗನನ್ನು ಕೇಳಿದರು.

ಏನು ಬೇಕೆಂದು ಕೇಳಲು ಬಂದ ಕ್ಯಾಪ್ಟನ್, ಅಂದರೆ ಮಾಣಿಗಳ ಮುಖ್ಯಸ್ಥ, ರವಿಕುಮಾರ್ ಐವತ್ತರ ಆಸುಪಾಸಿನವರು, ಚನ್ನಗಿರಿ ಕಡೆಯ ಕೆರೆಬಿಳಚಿಯವರು. ಕರಿ ಕೋಟಿನ ಒಳಗೂ ಊರಿನ ನಯ ಇತ್ತು. ಸೂಪ್ ಬಂತು. ಸ್ಪ್ರಿಂಗ್ ರೋಲ್ ಬಂತು.

“ಇದ್ರಾಗೆ ಅಕ್ಕಿ ಐತೇನ್ರಿ?” ಎಂದು ಮಹೇಶ್ವರಪ್ಪ ಕೇಳಿದರು.

“ಇಲ್ಲ ಸರ್, ಮೈದಾ.”

ಮಹೇಶ್ವರಪ್ಪ ಎರಡು ತಿಂದರು. ಮೊಮೊ ಬಂತು. “ಇದ್ರಾಗೆ?”

“ಇದೂ ಮೈದಾನೇ ಸರ್. ಒಳಗೆ ಎಲೆಕೋಸು, ಪನೀರು.”

“ನಮ್ಮ ಕಡುಬಿನ ಚಿಕ್ಕಪ್ಪನ ಮಗ,” ಎಂದು ಅವರು ನಾಲ್ಕು ತಿಂದರು. ಬೇಬಿಕಾರ್ನ್ ಮಂಚೂರಿ ಬಂತು, ತಿಂದರು. ನೂಡಲ್ಸ್ ಬಂತು. “ಶಾವಿಗೆ. ಶಾವಿಗೆ ತಿಂಡಿನೇ,” ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಫೋರ್ಕಿಗೆ ಸುತ್ತಿ ಸುತ್ತಿ ತಿಂದರು. ಸಂತೋಷವಾಗಿಯೇ ತಿಂದರು. ಮಹಾಂತೇಶನನ್ನು ಗಾಣದ ಬಗ್ಗೆ, ಶೇಂಗಾ ಹಿಂಡಿಯ ಬಗ್ಗೆ ಕೇಳಿದರು. ಉತ್ತರ ಮೆಚ್ಚಿ ತಲೆ ಆಡಿಸಿದರು.

ಸಂಧ್ಯಾರಾಣಿ ಮಾತ್ರ ಒಂದು ತುತ್ತೂ ತಿಂದಿರಲಿಲ್ಲ. ತಾನು ಮಾಡಿದ ತಪ್ಪು ಈಗ ಹೊಳೆಯಿತು. ಮನೆಯಲ್ಲಾದರೆ ಉಪ್ಪಿಟ್ಟಾದ ಮೇಲೆ ಅನ್ನ. ನಡುವೆ ಬೇರೇನಿಲ್ಲ, ಉಣ್ಣಬೇಕು ಇಲ್ಲವೆ ಏಳಬೇಕು. ಇಲ್ಲಿ ಅಪ್ಪಾಜಿಗೆ ಅನ್ನ ಮುಟ್ಟದೆ ಹೊಟ್ಟೆ ತುಂಬಿಸಿಕೊಳ್ಳಲು ತಾನೇ ಹತ್ತು ದಾರಿ ಮಾಡಿಕೊಟ್ಟಿದ್ದಳು. ಫ್ರೈಡ್ ರೈಸ್ ಅವರ ಕಣ್ಣು ತಪ್ಪಿಸುತ್ತದೆ ಎಂದುಕೊಂಡದ್ದಂತೂ ಶುದ್ಧ ದಡ್ಡತನ. ಅಕ್ಕಿ ಐತಾ ಎಂದು ಮೈದಾವನ್ನೇ ವಿಚಾರಿಸುವವರು ಅಕ್ಕಿಯನ್ನು ಬಿಡುತ್ತಾರೆಯೇ?

ಫ್ರೈಡ್ ರೈಸ್ ಕೊನೆಗೂ ಬಂತು. ಅಗಲವಾದ ಬಿಳಿ ಬಟ್ಟಲು, ಮೇಲೆ ಈರುಳ್ಳಿ ಸೊಪ್ಪು, ಹಬೆ. ಮಹಾಂತೇಶ ಬಡಿಸಿಕೊಂಡ. ಹೆಂಗಸರು ಬಡಿಸಿಕೊಂಡರು. ಅವರು ಉಂಡರೆ ಲೆಕ್ಕವಿಲ್ಲ, ಪದ್ಧತಿ ಯಜಮಾನರದ್ದು. ಅನ್ನಪೂರ್ಣಮ್ಮ ಗಾಜನ್ನು ಮೆಲ್ಲಗೆ ತಿರುಗಿಸಿ ಬಟ್ಟಲನ್ನು ಗಂಡನ ಎದುರಿಗೆ ತಂದು ನಿಲ್ಲಿಸಿದರು. ಮಹೇಶ್ವರಪ್ಪ ಕಿಟಕಿಯಾಚೆಯ ಚಿಮಣಿ ನೋಡುತ್ತ, ಒಂದು ಬೆರಳಿನಿಂದ ಗಾಜನ್ನು ಮುಂದಕ್ಕೆ ತಳ್ಳಿದರು. ಬಟ್ಟಲು ಮುರುಗೇಶಪ್ಪನವರ ಎದುರಿಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಯಿತು, ಸುತ್ತು ಹೊಡೆದು ಮತ್ತೆ ಮಹೇಶ್ವರಪ್ಪನವರ ಎದುರಿಗೇ ಬಂತು. ಅವರು ಮತ್ತೆ ತಳ್ಳಿದರು.

ರವಿಕುಮಾರ್ ಇದನ್ನು ನೋಡುತ್ತಲೇ ಇದ್ದರು. ಬಗ್ಗಿ ಮೆಲ್ಲಗೆ ಕೇಳಿದರು. “ಸರ್‌ಗೆ ಶುಗರ್ ಇದೆಯಾ? ಮೊದಲೇ ಅನ್ನಿಸ್ತು, ಅಕ್ಕಿ ಕೇಳಿದಾಗಲೇ. ಬೇಕಾದ್ರೆ ಬೇಯಿಸಿದ ತರಕಾರಿ ಮಾಡಿಸ್ತೀನಿ.”

ಮೆಲ್ಲಗೆ ಕೇಳಿದ್ದು ನಿಜ. ಆದರೆ ದುಂಡು ಮೇಜಿನಲ್ಲಿ ಎಲ್ಲರೂ ಎಲ್ಲರಿಗೂ ಹತ್ತಿರ.

“ಶುಗರ್ ಐತಾ?” ಎಂದು ಅಂಬಿಕಮ್ಮ ಚಮಚ ಕೆಳಗಿಟ್ಟರು. “ಮೊದ್ಲೇ ಹೇಳಾದಲ್ವ್ರಾ? ವಂಶದಾಗೇ ಐತೋ, ಈಗ ಬಂದಿದ್ದೋ?”

“ನಮ್ಮ ವಂಶದಾಗೆ ಯಾರಿಗೂ ಇಲ್ರೀ!” ಅನ್ನಪೂರ್ಣಮ್ಮನ ದನಿ ಏರಿತು. “ಇವರ ತಂದೆ ತೊಂಬತ್ತರತನಕ ಬೆಲ್ಲ ಕಚ್ಕಂಡು ನೀರು ಕುಡಿದ್ರು. ಹೇಳ್ರಿ ನೀವೇ.”

“ಇಲ್ಲ. ನನಗೆ ಶುಗರ್ ಇಲ್ಲ,” ಎಂದರು ಮಹೇಶ್ವರಪ್ಪ.

“ಮತ್ತೆ ಅನ್ನ ಯಾಕೆ ಮುಟ್ಟವಲ್ರಿ?” ಅಂಬಿಕಮ್ಮ ಪದ್ಧತಿ ಗೊತ್ತಿದ್ದೇ ಕೇಳಿದರು.

ನಿಜ ಕಾರಣವನ್ನು ಮಹೇಶ್ವರಪ್ಪ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಶುಗರ್ ಇದೆ ಎಂದರೆ ವಂಶಕ್ಕೆ ಕುಂದು, ಇಲ್ಲ ಎಂದರೆ ಅನ್ನ ಉಣ್ಣಬೇಕು. ಮೆಕ್ಕೆಜೋಳದ ವ್ಯಾಪಾರದಲ್ಲಿ ಮೂವತ್ತು ವರ್ಷ ದಲ್ಲಾಳಿಗಳನ್ನು ಅರೆದು ಕುಡಿದ ಮನುಷ್ಯ ಮಾತ್ರ ಇಲ್ಲೂ ಸಂದಿ ಹುಡುಕಿದರು.

“ಕ್ಯಾಪ್ಟನ್ರೇ, ಸಿಹಿ ಏನೈತೆ?”

“ಜೇನಿನಲ್ಲಿ ಅದ್ದಿದ ಗರಿಗರಿ ನೂಡಲ್ಸ್, ಮೇಲೆ ಐಸ್‌ಕ್ರೀಮ್ ಸರ್.”

“ತರ್ರಿ. ದೊಡ್ಡದು. ಶುಗರ್ ಇದ್ದೋನು ತಿಂತಾನಾ ಅದನ್ನ? ನೋಡ್ಲಿ ಎಲ್ಲರೂ.”

ಸಂಧ್ಯಾರಾಣಿಗೆ ಆಟ ತಿಳಿಯಿತು. ಅಪ್ಪಾಜಿ ತಪ್ಪಿಸಿಕೊಂಡರು. ಐಸ್‌ಕ್ರೀಮ್ ತಿಂದು, ಬಾಯಿ ಒರೆಸಿಕೊಂಡು, ‘ಹೊತ್ತಾತು’ ಎನ್ನುತ್ತಾರೆ. ಅವಳು ಮಹಾಂತೇಶನ ಕಡೆ ನೋಡಿದಳು. ಪದ್ಧತಿ ಅವನ ಮನೆಯಲ್ಲೂ ಇತ್ತು, ಅವನಿಗೂ ಅರ್ಥವಾಗಿತ್ತು.

ಆದರೆ ಅನ್ನಪೂರ್ಣಮ್ಮನ ಸಿಟ್ಟು ಇಳಿದಿರಲಿಲ್ಲ. ವಂಶದ ಮಾತು ಬಂದಿತ್ತಲ್ಲ. “ನಮ್ಮೋರದ್ದು ಇರ್ಲಿ ಅಂಬಿಕಕ್ಕಾರೆ. ನಿಮ್ಮ ಯಜಮಾನ್ರ ತಟ್ಟೆ ನೋಡ್ರಿ ಒಂದ್ಸಲ. ಅವರೆಲ್ಲಿ ಮುಟ್ಟಿದಾರೆ ಅನ್ನ?”

ಎಲ್ಲರೂ ನೋಡಿದರು. ಮುರುಗೇಶಪ್ಪನವರ ತಟ್ಟೆಯಲ್ಲಿ ನೂಡಲ್ಸಿನ ಚೂರುಗಳಿದ್ದವು, ಮಂಚೂರಿಯ ರಸ ಇತ್ತು. ಅನ್ನದ ಒಂದು ಅಗುಳೂ ಇರಲಿಲ್ಲ. ಸಂಧ್ಯಾರಾಣಿ ಸಂಜೆಯಿಂದ ಅಪ್ಪನ ಕೈಯನ್ನಷ್ಟೇ ಕಾಯುತ್ತಿದ್ದಳು. ಎದುರು ಕೂತವರ ಕೈ ನೋಡುವ ಯೋಚನೆಯೇ ಬಂದಿರಲಿಲ್ಲ.

“ಯಾಕ್ರೀ?” ಎಂದು ಅಂಬಿಕಮ್ಮ ಗಂಡನ ಕಡೆ ತಿರುಗಿದರು. “ನೀವ್ಯಾಕೆ ಉಂಡಿಲ್ಲ?”

ಅದೇ ಹೊತ್ತಿಗೆ ಅಡುಗೆಮನೆಯಿಂದ ಬಾಣಸಿಗ ಬಂದು ನಿಂತ. ಬಿಳಿ ಟೋಪಿ, ಕೆಂಪು ಕೆನ್ನೆ, ಉತ್ತರದ ಬೆಟ್ಟದೂರು ಕಾಲಿಂಪಾಂಗ್ ಕಡೆಯವನು. ತನ್ನ ಅನ್ನ ಮೇಜಿನ ಮೇಲೆ ಸುಮ್ಮನೆ ಸುತ್ತು ಹೊಡೆಯುತ್ತಿದ್ದುದನ್ನು ಅವನು ಬಾಗಿಲ ಸಂದಿಯಿಂದ ನೋಡಿದ್ದ. ಉಪ್ಪು ಹೆಚ್ಚಾಯಿತೇ ಎಂದು ಹಿಂದಿಯಲ್ಲಿ ಕೇಳಿದ. ಇಬ್ಬರು ಯಜಮಾನರೂ ಅನ್ನ ಬಿಟ್ಟದ್ದು ಕಂಡು ರವಿಕುಮಾರ್‌ಗೆ ಅಷ್ಟರಲ್ಲಿ ವಿಷಯ ಹೊಳೆದಿತ್ತು. ಅವರು ಬಾಣಸಿಗನ ತೋಳು ಹಿಡಿದು, ಸುಮ್ಮನೆ ನಿಲ್ಲು ಎಂಬಂತೆ ಸನ್ನೆ ಮಾಡಿದರು.

ಮುರುಗೇಶಪ್ಪ ಮೀಸೆ ಒರೆಸಿಕೊಂಡರು. “ಮುಚ್ಚುಮರೆ ಯಾಕೆ. ಮಹೇಶ್ವರಪ್ಪೋರು ಯಾಕೆ ಉಂಡಿಲ್ಲ ಅಂತ ನನಗೆ ಗೊತ್ತೈತೆ. ನಾನೂ ಅದಕ್ಕೇ ಉಂಡಿಲ್ಲ. ಹುಡುಗಿ ಬಂಗಾರದಂಥವಳು. ಆದ್ರೆ ನಮ್ಮಣ್ಣ ಹೊನ್ನಾಳಿ ಕಡೆಯಿಂದ ಸೊಸೆ ತಂದ. ಎರಡು ಬೇಸಿಗೆ ಇದ್ಲು. ಮೂರನೇ ಬೇಸಿಗೆಗೆ ತೌರಿಗೆ ಹೋದ್ಲು, ಹೋಗಾವಾಗ ಗಂಡನ್ನೂ ಕರ್ಕಂಡು ಹೋದ್ಲು. ಅವಳ ತಪ್ಪಲ್ಲ ಬಿಡ್ರಿ, ಹೊಳೆ ನೀರಾಗೆ ಈಜಿ ಬೆಳೆದೋಳು. ನನಗೆ ಇರಾನು ಒಬ್ಬನೇ ಮಗ.”

ಮಹೇಶ್ವರಪ್ಪ ಮೊದಲ ಸಲ ಮುರುಗೇಶಪ್ಪನವರನ್ನು ನೇರವಾಗಿ ನೋಡಿದರು. ತಮ್ಮ ಭಯವೇ ಎದುರಿನ ಕುರ್ಚಿಯಲ್ಲಿ ಮೀಸೆ ಇಟ್ಟುಕೊಂಡು ಕೂತಿತ್ತು.

“ಅಪ್ಪಾ, ಅದು...” ಎಂದು ಮಹಾಂತೇಶ ಬಾಯಿ ತೆರೆದ.

“ನೀನು ಸುಮ್ನೆ ಉಣ್ಣು,” ಎಂದರು ಮುರುಗೇಶಪ್ಪ. ಆಮೇಲೆ ಸಂಧ್ಯಾರಾಣಿಯ ಕಡೆ ತಿರುಗಿದರು. “ಡಾಕ್ಟ್ರವ್ವ, ನೀನೇ ಹೇಳಿಬಿಡು. ನಮ್ಮೂರಾಗೆ ಇರ್ತೀಯಾ?”

ಈ ಪ್ರಶ್ನೆಗೆ ಸಂಧ್ಯಾರಾಣಿ ಚಂದದ ಉತ್ತರಗಳನ್ನು ತಯಾರು ಮಾಡಿಟ್ಟಿದ್ದಳು. ಕೆರೆ ತುಂಬಿದ್ದು, ಪೈಪ್‌ಲೈನ್ ಬಂದದ್ದು, ಇನ್ನು ಮುಂದೆ ತೊಂದರೆ ಇಲ್ಲವೆಂಬುದು. ಮೇಜಿನ ಸುತ್ತ ಎಲ್ಲರೂ ತನ್ನನ್ನೇ ನೋಡುತ್ತಿರುವಾಗ ಅವನ್ನೆಲ್ಲ ಬಿಟ್ಟು, ನಡೆದದ್ದನ್ನೇ ಹೇಳಿದಳು.

“ಯಜಮಾನ್ರೇ, ನಾನು ಬಂದ ವರ್ಷ ನಮ್ಮ ಬೀದಿಗೆ ನಾಲ್ಕು ದಿನಕ್ಕೊಂದ್ಸಲ ನಲ್ಲಿ ಬರ್ತಿತ್ತು. ಬೇಸಿಗೇಲಿ ಅದೂ ಇಲ್ಲ, ಟ್ಯಾಂಕರ್. ಟ್ಯಾಂಕರ್ ಬಂತು ಅಂದ್ರೆ ಜಗಳ. ಕೊನೆಗೆ ಬೀದಿಯೋರು ಸೇರಿ ಸರತಿ ನೋಡ್ಕಳ್ಳಾಕೆ ನನ್ನನ್ನೇ ನಿಲ್ಲಿಸಿದ್ರು.”

“ನಿನ್ನನ್ನಾ?” ಎಂದರು ಮಹೇಶ್ವರಪ್ಪ.

“ಹೂಂ ಅಪ್ಪಾಜಿ. ಹೋರಿ ಹಿಡಿಯೋಳು, ಇವಳು ಯಾರಿಗೂ ಬಗ್ಗಲ್ಲ ಅಂತ.”

ಅಂಬಿಕಮ್ಮ ಬಿದ್ದು ಬಿದ್ದು ನಗತೊಡಗಿದರು. “ಅಯ್ಯೋ, ಹೌದ್ರೀ! ‘ಏ, ಹಸಿರು ಕೊಡ, ಹಿಂದಕ್ಕೆ ಹೋಗು!’ ಅಂತ ಇವಳು ಕೂಗಿದ್ರೆ ನಮ್ಮ ಓಣಿತನಕ ಕೇಳ್ತಿತ್ತು. ನಮ್ಮ ಗಂಡಸ್ರೇ ಅಂಜ್ತಿದ್ರು!”

ಮಹೇಶ್ವರಪ್ಪ ನಗಲಿಲ್ಲ. “ಕೊಡ ಹಿಡ್ಕಂಡು ನಿಂತಿದ್ಯಾ ಹಂಗಾದ್ರೆ. ಮನೇಲಿ ಒಂದು ದಿನಾನೂ ಹೇಳಲಿಲ್ಲ.”

“ಹೇಳಿದ್ರೆ ಮಾರನೇ ದಿನ ವರ್ಗ ಮಾಡಿಸಾಕೆ ಓಡಾಡ್ತಿದ್ರಿ.”

“ಓಡಾಡ್ತಿದ್ದೆ.”

“ನನಗೆ ವರ್ಗ ಬೇಕಿರಲಿಲ್ಲ ಅಪ್ಪಾಜಿ. ಇವರ ಮನೆ ಎಮ್ಮೆ ನೋಡಾಕೆ ಹೋಗೋಕಿಂತ ಮುಂಚೆನೇ ಬೇಕಿರಲಿಲ್ಲ. ಜಗಳ ಆಡಿದೋರೇ ರಾತ್ರಿ ನನ್ನ ಬಾಗಿಲಿಗೆ ಒಂದು ಕೊಡ ಇಟ್ಟು ಹೋಗ್ತಿದ್ರು. ನನಗೆ ಆ ಊರು ಸೇರ್ತು.”

“ನಾನು ಬರೋಕಿಂತ ಮುಂಚೆನಾ?” ಎಂದು ಮಹಾಂತೇಶ ಸ್ವಲ್ಪ ಪೆಚ್ಚಾಗಿ ಕೇಳಿದ.

“ಊರು ಮೊದ್ಲು. ನೀವು ಆಮೇಲೆ.”

ಮುರುಗೇಶಪ್ಪನವರ ಮೀಸೆ ಅಲುಗಿತು. ನಗು ತಡೆದದ್ದೋ ಬೇರೇನೋ ತಿಳಿಯಲಿಲ್ಲ. ಮಹೇಶ್ವರಪ್ಪ ಗಾಜಿನಾಚೆ ನೋಡಿದರು. ಕತ್ತಲಾಗಿತ್ತು. ಟ್ಯಾಂಕುಗಳು ಮರೆಯಾಗಿ, ಊರು ಬರೀ ದೀಪವಾಗಿ ಉಳಿದಿತ್ತು. ಮಗಳನ್ನು ನೀರಿಲ್ಲದ ಊರಿಗೆ ಕೊಡಬಾರದೆಂದು ಹಟ ಹಿಡಿದಿದ್ದರು. ಮಗಳು ಆಗಲೇ ಅಲ್ಲಿ ನೀರು ಹಂಚಿ ಬದುಕು ಮಾಡಿಕೊಂಡಿದ್ದಳು. ಇನ್ನು ಕೊಡುವುದು ಬಿಡುವುದು ಏನುಳಿದಿತ್ತು?

ಅವರು ಕೈ ಚಾಚಿ ಗಾಜನ್ನು ತಿರುಗಿಸಿದರು. ಈ ಸಲ ಬಟ್ಟಲು ಮುರುಗೇಶಪ್ಪನವರ ಎದುರಿಗೆ ನಿಂತಿತು.

“ತಗಳ್ರಿ. ಗಂಡಿನ ಕಡೆಯೋರು ಮೊದ್ಲು.”

“ಉಂಟೇನ್ರಿ? ಹೆಣ್ಣು ಕೊಡೋರು ಮೊದ್ಲು,” ಎಂದು ಮುರುಗೇಶಪ್ಪ ಬಟ್ಟಲನ್ನು ವಾಪಸು ತಿರುಗಿಸಿದರು.

“ನೀವು ಹಿರಿಯರು.”

“ನಿಮಗಿಂತ ಚಿಕ್ಕೋನೇ ಇರ್ಬೇಕು ನಾನು. ಮೀಸೆ ನೋಡಿ ಮೋಸ ಹೋಗಬ್ಯಾಡ್ರಿ.”

ಬಟ್ಟಲು ಆ ಕಡೆಗೂ ಈ ಕಡೆಗೂ ಓಡಾಡಿತು. ಸುಟ್ಟ ಮೆಣಸಿನಕಾಯಿಯ ಬಟ್ಟಲೂ ನೀರಿನ ಲೋಟವೂ ಅದರ ಜೊತೆಗೆ ಸುತ್ತಿದವು. ಕೊನೆಗೆ ಅನ್ನಪೂರ್ಣಮ್ಮ ಎರಡೂ ಅಂಗೈ ಊರಿ ಗಾಜನ್ನು ಹಿಡಿದು ನಿಲ್ಲಿಸಿದರು. ಅಂಬಿಕಮ್ಮ ಎದ್ದು ನಿಂತು ಇಬ್ಬರ ತಟ್ಟೆಗೂ ಒಟ್ಟಿಗೇ ಬಡಿಸಿದರು. ಬಾಣಸಿಗ, ಅನ್ನ ಆರಿದೆ, ಬಿಸಿಯದು ಮಾಡಿ ತರುತ್ತೇನೆ ಎಂದ. ರವಿಕುಮಾರ್, “ಬೇಡ ಕಣಪ್ಪ, ಈಗ ಎತ್ತಿಕೊಂಡು ಹೋದ್ರೆ ಮತ್ತೆ ಮೊದಲಿಂದ ಶುರುವಾಗುತ್ತೆ,” ಎಂದು ಕನ್ನಡದಲ್ಲೇ ಹೇಳಿದರು. ಯಜಮಾನರಿಬ್ಬರೂ ಫೋರ್ಕು ಪಕ್ಕಕ್ಕಿಟ್ಟು, ಕೈಯಲ್ಲೇ ಕಲಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ತುತ್ತು ಬಾಯಿಗಿಟ್ಟರು.

“ಉಪ್ಪು ಸರಿ ಐತೆ,” ಎಂದು ಮಹೇಶ್ವರಪ್ಪ ಬಾಣಸಿಗನ ಕಡೆ ತಲೆ ಆಡಿಸಿದರು. ಅವನು ಟೋಪಿ ತೆಗೆದು ನಕ್ಕ. ಒಂದು ತಟ್ಟೆ ಅನ್ನಕ್ಕೆ ಇಷ್ಟು ಹೊತ್ತು ಪಂಚಾಯ್ತಿ ಮಾಡುವ ಊರನ್ನು ಅವನು ಎಲ್ಲೂ ನೋಡಿರಲಾರ.

ತಟ್ಟೆ ಖಾಲಿಯಾದ ಮೇಲೂ ಮಹೇಶ್ವರಪ್ಪ ಕೈ ತೊಳೆಯಲು ಏಳಲಿಲ್ಲ. “ಮೊಸರು ಎಲ್ಲಿ?” ಎಂದರು.

“ಸರ್, ಚೈನೀಸ್ ಊಟದಲ್ಲಿ ಮೊಸರು ಇರಲ್ಲ.”

“ಮೊಸರನ್ನ ಇಲ್ದೆ ಊಟ ಹೆಂಗೆ ಮುಗೀತದಪ್ಪ? ಅರ್ಧಕ್ಕೆ ಎದ್ದರೆ ನಾಳೆ ಬೀಗರು ‘ನೀವು ಒಪ್ಪಿದ್ದು ಅರ್ಧ’ ಅಂತಾರೆ.”

ಬೀಗರು ಎಂದರು. ಆ ಮಾತು ಕಿವಿಗೆ ಬೀಳುತ್ತಲೇ ಅಂಬಿಕಮ್ಮ ಅನ್ನಪೂರ್ಣಮ್ಮನ ಕೈ ಹಿಡಿದು ಅದುಮಿದರು. ಮುರುಗೇಶಪ್ಪನವರೂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ನನಗೂ ಮೊಸರು ಬೇಕಪ್ಪ,” ಎಂದರು.

ರವಿಕುಮಾರ್ ಒಳಗೆ ಹೋದರು. ಕೆಲಸದವರ ಊಟಕ್ಕೆಂದು ಮಾಡಿಟ್ಟ ಬಿಳಿ ಅನ್ನದ ಸ್ಟೀಲ್ ಪಾತ್ರೆ, ಮೊಸರು, ಒಂದು ಚಮಚ ಮಾವಿನಕಾಯಿ ಉಪ್ಪಿನಕಾಯಿ ಎತ್ತಿಕೊಂಡು ಬಂದರು. ಹೂ ಬಿಡಿಸಿದ ಬಿಳಿ ಪಿಂಗಾಣಿ ಬಟ್ಟಲುಗಳಿಗೆ ಮಹೇಶ್ವರಪ್ಪ ತಾವೇ ಮೊಸರನ್ನ ಹಾಕತೊಡಗಿದರು. ಈ ನಡುವೆ ಬಂದಿದ್ದ ಜೇನಿನ ನೂಡಲ್ಸ್ ಮೇಲಿನ ಐಸ್‌ಕ್ರೀಮ್ ಯಾರೂ ಮುಟ್ಟದೆ ಕರಗುತ್ತಿತ್ತು.

ಸಂಧ್ಯಾರಾಣಿಗೆ ಆಗ ಹಸಿವೆಯಾಯಿತು. ಸಣ್ಣ ಹಸಿವೆಯಲ್ಲ, ಹೊಟ್ಟೆಯಲ್ಲಿ ಬೆಂಕಿ ಬಿದ್ದಂಥದು. ಅವಳು ತನ್ನ ಬಟ್ಟಲನ್ನು ಮುಂದೆ ಚಾಚಿದಳು.

“ಜಾಸ್ತಿ ಹಾಕ್ರಿ ಅಪ್ಪಾಜಿ,” ಎಂದಳು. ಮಹೇಶ್ವರಪ್ಪ ಕೆಲಸದವರ ಪಾಲಿಗೆ ಎಷ್ಟು ಉಳಿದಿದೆ ಎಂದು ಪಾತ್ರೆಯೊಳಗೆ ಬಗ್ಗಿ ನೋಡಿ, ಆಮೇಲೆ ಬಡಿಸಿದರು.